ಬಳೆಯ ನೆರಳು ಬಿದ್ದ ಮಣಿಕಟ್ಟು

ನೋವಿಗಿಂತ ಮೊದಲು ಸದ್ದು ಬಂತು.

ಒಣಗಿದ ಹುಣಸೆಹಣ್ಣಿನ ಸಿಪ್ಪೆಯನ್ನು ಬೆರಳಿನಿಂದ ಒತ್ತಿ ಒಡೆದರೆ ಬರುವಂಥ ಸಣ್ಣ ಸದ್ದು. ಅದು ನನ್ನ ಬಲಗೈಯ ಮಣಿಕಟ್ಟಿನ ಒಳಗಿನಿಂದ ಬಂತು. ಬಾವಿಕಟ್ಟೆಯ ಬಳಿ ಇದ್ದ ಬೇರೆ ಯಾರಿಗೂ ಕೇಳಿಸಲಿಲ್ಲ.

ಅದು ಆಷಾಢದ ಒಂದು ಬೆಳಿಗ್ಗೆ. ಭದ್ರಾವತಿಯಲ್ಲಿ ನಾವು ಬಾಡಿಗೆಗಿರುವ ವಠಾರಕ್ಕೆಲ್ಲ ಇರುವುದು ಒಂದೇ ಬಾವಿ. ಅದರ ರಾಟೆ ಮರದ್ದು. ಅಚ್ಚು ಸವೆದು, ಹಗ್ಗ ಎಳೆದಾಗಲೆಲ್ಲ ಒಂದು ಬದಿಗೆ ವಾಲುತ್ತಿತ್ತು. ಬದಲಾಯಿಸಿಕೊಡಿ ಎಂದು ವಠಾರದ ಹೆಂಗಸರೆಲ್ಲ ಸೇರಿ ಮಾಲೀಕರನ್ನು ಕೇಳಿದ್ದೆವು. “ಇಷ್ಟು ವರ್ಷ ಸೇದಿದೋರಿಗೆ ಆಗದ ತೊಂದರೆ ಈ ಟೀಚರಮ್ಮಂಗೆ ಆಯ್ತಾ?” ಎಂದು ಅವರು ನಕ್ಕಿದ್ದರು. ಮೊದಲ ತಪ್ಪನ್ನು ಇಲ್ಲಿಯೇ ಹೆಸರಿಸಿಬಿಡುತ್ತೇನೆ. ನೀರು ಕುಡಿಯುವವರು ಎಲ್ಲರೂ, ಸೇದುವವರು ಹೆಂಗಸರು ಮಾತ್ರ. ಆದ್ದರಿಂದಲೇ ಬಾವಿಯ ರಾಟೆ ಗಂಡಸರ ಲೆಕ್ಕದಲ್ಲಿ ಎಂದೂ ಕೆಡುವುದಿಲ್ಲ.

ಹಗ್ಗ ಜಾರದಿರಲೆಂದು ಅಂಗೈಗೆ ಒಂದು ಸುತ್ತು ಸುತ್ತಿಕೊಂಡು ಸೇದುವುದು ನಮ್ಮೆಲ್ಲರ ಅಭ್ಯಾಸ. ತುಂಬಿದ ಕೊಡ ಅರ್ಧಕ್ಕೆ ಬಂದಿತ್ತು. ರಾಟೆ ಅಚ್ಚಿನಿಂದ ಹಾರಿತು. ಕೊಡ ಕೆಳಗೆ ಹೋಯಿತು. ಹಗ್ಗದ ಜೊತೆಗೆ ನನ್ನ ಕೈಯೂ ಹೋಯಿತು. ಕಟ್ಟೆಯ ಕಲ್ಲಿಗೆ ಬಡಿದು ಅಂಗೈ ಹಿಂದಕ್ಕೆ ಮಡಿಚಿಕೊಂಡಿತು.

ಆಗಲೇ ಆ ಸದ್ದು.

ಪಕ್ಕದ ಮನೆಯ ಪಳನಿಯಮ್ಮ ಓಡಿಬಂದು ಹಗ್ಗ ಬಿಡಿಸಿದಳು. ನನ್ನ ಅತ್ತೆ ಗೌರಮ್ಮನವರು ಅಡುಗೆಮನೆಯಿಂದ ಹೊರಗೆ ಬಂದರು. ಅವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಬಳೆಗಳನ್ನು.

“ಎಷ್ಟು ಹೆಚ್ಚಿದ್ವೇ?”

ಮುತ್ತೈದೆಯ ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ನಮ್ಮ ಭಾಷೆ ಅಶುಭವನ್ನು ಹೀಗೆ ಮುಚ್ಚಿಡುತ್ತದೆ.

“ಬಳೆ ಇರಲಿ, ಕೈ ನೋಡಿ ಅತ್ತೆ,” ಎಂದೆ.

“ಕೈ ಇದ್ದಲ್ಲೇ ಇದ್ಯಲ್ಲ ಮಾರಾಯ್ತಿ. ಉಳುಕಿರ್ಬೇಕು. ಅರಿಶಿನ ಸುಣ್ಣ ಬಿಸಿ ಮಾಡಿ ಹಚ್ತೀನಿ ಬಾ.”

ಸಂಜೆಯ ಹೊತ್ತಿಗೆ ಮಣಿಕಟ್ಟು ಊದಿ, ಉಳಿದ ಬಳೆಗಳು ಚರ್ಮಕ್ಕೆ ಕಚ್ಚಿಕೊಂಡವು.

ನಾನು ಇಲ್ಲಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ತಾತ್ಕಾಲಿಕ ಉಪಾಧ್ಯಾಯಿನಿ. ಶಿವಮೊಗ್ಗದಲ್ಲಿ ನಾನು ಓದಿದ ಶಾಲೆಯಲ್ಲಿ ಪ್ರಶ್ನೆ ಕೇಳದೆ ಸುಮ್ಮನೆ ಕೂತವರನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಮದುವೆಯಾದ ಮೇಲೂ ಕೆಲಸಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದು, ಅತ್ತೆಯ ಅಸಮಾಧಾನವನ್ನು ಹೊತ್ತುಕೊಂಡೇ ದಿನವೂ ಹೊಸಿಲು ದಾಟುತ್ತಿದ್ದೆ. ಮುಂದಿನ ವರ್ಷ ಕೆಲಸ ಖಾಯಂ ಆಗುವ ಮಾತಿತ್ತು. ಕರಿಹಲಗೆಯ ಮೇಲೆ ಬರೆಯುವ ಕೈ ಹೋದರೆ ಆ ಮಾತು ಹೋಗುತ್ತಿತ್ತು. ಆ ಮಾತು ಹೋದರೆ ನಾನು ಅಡುಗೆಮನೆಯಿಂದ ಮತ್ತೆ ಹೊರಗೆ ಬರುವುದು ಸಾಧ್ಯವಿರಲಿಲ್ಲ. ಇದನ್ನು ಓದುವವರು ನನ್ನ ಬಲಗೈಯ ಕಥೆಯನ್ನು ಹಾಗೆಯೇ ಓದಬೇಕು. ನೋವಿನ ಹಿಂದೆ ಯಾವಾಗಲೂ ಈ ಭಯವಿತ್ತು.

ಗಂಡನ ಹೆಸರನ್ನು ಹೆಂಡತಿ ಹೇಳಬಾರದೆಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಅವರ ಹೆಸರು ಮಹಾದೇವ. ಕಾರ್ಖಾನೆಯಲ್ಲಿ ಕುಲುಮೆಯ ಬಳಿ ಕೆಲಸ. ಮರುದಿನ ಪಾಳಿ ಮುಗಿಸಿ ಬಂದವರು ನನ್ನನ್ನು ಡಿಸ್ಪೆನ್ಸರಿಗೆ ಕರೆದುಕೊಂಡು ಹೋದರು. ಅತ್ತೆಯೂ ಜೊತೆಗೆ ಹೊರಟರು. ಡಿಸ್ಪೆನ್ಸರಿಯ ವಯಸ್ಸಾದ ಡಾಕ್ಟರು ಕೈಯನ್ನು ಹಿಡಿದು ನೋಡಿ, “ಸ್ಪ್ಲಿಂಟ್ ಕಟ್ಟಬೇಕು. ಅಂಗೈಯಿಂದ ಮೊಣಕೈ ಹತ್ರದವರೆಗೆ. ಬಳೆ ತೆಗೀರಮ್ಮ,” ಎಂದರು.

“ತೆಗೆಯೋದು ಅಂದ್ರೆ? ಹಬ್ಬ ಹತ್ರ ಬರ್ತಾ ಇದೆ. ಬರಿಗೈಲಿ ಮನೆ ಒಳಗೆ ಹ್ಯಾಗೆ ಕರ್ಕೊಳ್ಳಲಿ?” ಎಂದರು ಅತ್ತೆ.

ಹೊಸ ಬಳೆ ತೊಡುವಾಗ ಕೂಡ ಹಳೆಯದರಲ್ಲಿ ಒಂದನ್ನಾದರೂ ಉಳಿಸಿಕೊಂಡು, ಹೊಸದು ಏರಿದ ಮೇಲೆ ಅದನ್ನು ತೆಗೆಯಬೇಕು. ಮುತ್ತೈದೆಯ ಕೈ ಒಂದು ಗಳಿಗೆಯೂ ಬರಿದಾಗಬಾರದು. ಡಾಕ್ಟರಿಗೂ ಈ ರೂಢಿ ಗೊತ್ತಿತ್ತು. ಅವರ ಮನೆಯಲ್ಲಿಯೂ ಹೆಂಗಸರಿದ್ದರಲ್ಲ. ಅವರು ವಾದಿಸಲಿಲ್ಲ. ಬಳೆಗಳನ್ನು ಆದಷ್ಟು ಮೇಲಕ್ಕೆ ತಳ್ಳಿ, ಕೆಳಗೆ ಉಳಿದ ಜಾಗದಲ್ಲಿ ಒಂದು ಗಿಡ್ಡ ಪಟ್ಟಿಯನ್ನು ಕಟ್ಟಿ ಕಳಿಸಿದರು. ವೈದ್ಯಶಾಸ್ತ್ರ ಬಳೆಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತಿತು. ಇದು ಎರಡನೆಯ ತಪ್ಪು.

ಆದರೂ ಕೈ ಸ್ವಲ್ಪ ಸುಧಾರಿಸಿತು ಎಂಬುದನ್ನು ಹೇಳಲೇಬೇಕು. ಶ್ರಾವಣ ಮುಗಿಯುವ ವೇಳೆಗೆ ಊತ ಇಳಿದಿತ್ತು. ಸೀಮೆಸುಣ್ಣ ಹಿಡಿಯಬಲ್ಲವಳಾಗಿದ್ದೆ. ಪಾತ್ರೆ ಎತ್ತುವಾಗ ಒಳಗೆಲ್ಲೋ ಚುಚ್ಚುತ್ತಿತ್ತು, ಅಷ್ಟೆ. ಬದುಕಿಕೊಂಡೆ ಎಂದು ನಾನು ನಂಬಿದ್ದೆ.

ಗೌರಿ ಹಬ್ಬ ಬಂತು.

ಹಬ್ಬದ ಮುಂಚೆ ಬಳೆ ಮಾರುವ ಬೀಬಮ್ಮ ವಠಾರಕ್ಕೆ ಬರುವುದು ವಾಡಿಕೆ. ಬಳೆಯ ಮಲಾರವನ್ನು ಹೆಗಲಿನಿಂದ ಇಳಿಸಿ ಜಗಲಿಯ ಮೇಲೆ ಕೂತರೆ ಹೆಂಗಸರೆಲ್ಲ ಸುತ್ತುವರಿಯುತ್ತಾರೆ. ಆಕೆ ಬಾಯಿ ತುಂಬ ಮಾತಾಡುತ್ತಾ ಕೈಯನ್ನು ಹಿಸುಕಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಇದು ಏರುವುದೇ ಇಲ್ಲ ಎನಿಸುವ ಬಳೆಯನ್ನು ಏರಿಸಿಬಿಡುತ್ತಾಳೆ. ಸಡಿಲ ಬಳೆ ತೊಡಿಸುವುದು ಆಕೆಗೆ ಅವಮಾನ. ತೊಡುವವರಿಗೂ ಅಷ್ಟೆ. ಬಿಗಿಯಾಗಿ ಕೂತರೆ ಕೈ ಮೆತ್ತಗಿದೆ, ಹೆಣ್ಣು ಸುಖವಾಗಿದ್ದಾಳೆ ಎಂದು ಅರ್ಥ. ಮೂಳೆ ಮುರಿಯುವವರೆಗೂ ಹಿಸುಕಿಸಿಕೊಂಡು ನಗುವ ಹೆಂಗಸರನ್ನು ನಾನು ನೋಡಿದ್ದೇನೆ.

“ಬಾರಮ್ಮಾ ಟೀಚರಮ್ಮಾ,” ಎಂದಳು ಬೀಬಮ್ಮ. “ಸ್ಕೂಲ್‌ನಲ್ಲಿ ಎಲ್ರ ಕೈಗೂ ಬಾರ್ಸ್ತೀರಂತೆ. ಇವತ್ತು ನಿಮ್ ಕೈ ನನ್ ಕೈಗೆ ಸಿಕ್ತು!”

ಎಲ್ಲರೂ ನಕ್ಕರು. ನಾನೂ ನಕ್ಕೆ.

“ಈ ಕೈಗೆ ಪೆಟ್ಟಾಗಿತ್ತು ಬೀಬಮ್ಮ. ಒಂದು ಸೈಜು ದೊಡ್ಡದು ಹಾಕಿ.”

“ದೊಡ್ಡದು ಹಾಕಿದ್ರೆ ಪಾತ್ರೆ ತೊಳೆಯೋವಾಗ ಜಾರಿ ಬೀಳ್ತವೆ,” ಎಂದರು ಅತ್ತೆ ಹಿಂದಿನಿಂದ. “ಅವಳಿಗೆ ಯಾವಾಗ್ಲೂ ಹಾಕೋದೇ ಹಾಕಿ.”

“ಹಾಯ್ ಅಲ್ಲಾ, ಹೆದ್ರಬೇಡಿ ಬೇಟಿ. ಸಾಬೂನು ಹಚ್ತೀನಿ. ಕೈ ಢೀಲಾ ಬಿಡಿ. ಢೀಲಾ, ಢೀಲಾ...”

ಸಾಬೂನಿನ ನೊರೆಯೊಳಗೆ ನನ್ನ ಕೈಯನ್ನು ಆಕೆ ಕೊಳವೆಯ ಹಾಗೆ ಮಾಡಿಕೊಂಡಳು. ಮೊದಲ ಬಳೆ ಏರಿತು. ಎರಡನೆಯದು ಏರಿತು. ಮೂರನೆಯದಕ್ಕೆ ಆಕೆ ಮಣಿಕಟ್ಟನ್ನು ತುಸು ತಿರುಚಿದಳು.

ಮತ್ತೆ ಆ ಸದ್ದು.

ಈ ಸಲ ಅದರ ಹಿಂದೆಯೇ ನೋವು ಬಂತು. ಕಣ್ಣಿಗೆ ಕತ್ತಲೆ ಬಂದು ನಾನು ಪಳನಿಯಮ್ಮನ ಮೇಲೆ ಒರಗಿದೆ. ಬೀಬಮ್ಮ ಬೆಚ್ಚಿ ಕೈ ಬಿಟ್ಟಳು. “ಬಳೆ ಹೆಚ್ಚಲಿಲ್ಲವಲ್ಲ?” ಎಂದು ಯಾರೋ ಕೇಳಿದರು. ಹೆಚ್ಚಿರಲಿಲ್ಲ. ಬಳೆಗಳು ಒಂದೂ ಬಿರುಕು ಬಿಡದೆ, ಹಸಿರಾಗಿ, ಹೊಳೆಯುತ್ತ, ನನ್ನ ಹರಿದ ಮಣಿಕಟ್ಟಿನ ಮೇಲೆ ಕೂತಿದ್ದವು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಉಳಿದವನ್ನೂ ಏರಿಸಿದರು. ಹಬ್ಬವಲ್ಲವೇ?

ಬೀಬಮ್ಮನನ್ನು ನಾನು ದೂರುವುದಿಲ್ಲ. ಆಕೆ ಮಾಡಿದ್ದು ಆಕೆಗೆ ಎಲ್ಲರೂ ಹೊಗಳಿ ಹೊಗಳಿ ಕಲಿಸಿದ ಕೆಲಸವನ್ನು. ಹೆಣ್ಣಿನ ಕೈಯ ಸೌಖ್ಯವನ್ನು ಬಳೆಯ ಬಿಗಿಯಿಂದ ಅಳೆಯುವ ನಮ್ಮೆಲ್ಲರ ಒಪ್ಪಂದವನ್ನು ದೂರುತ್ತೇನೆ.

ಆ ಮೇಲಿನ ವಾರಗಳ ಬಗ್ಗೆ ಬರೆಯುವುದು ಕಷ್ಟ. ಅವು ಒಂದರೊಳಗೊಂದು ಕಲಸಿಹೋಗಿವೆ. ಹಾಲಿನ ತಂಬಿಗೆ ಕೈಯಿಂದ ಜಾರಿತು. ಬಟ್ಟೆ ಹಿಂಡಲಾಗಲಿಲ್ಲ. ಸೀರೆಯ ನೆರಿಗೆ ಸಿಕ್ಕಿಸಲಾಗಲಿಲ್ಲ. ಜಡೆ ಹೆಣೆಯಲಾಗಲಿಲ್ಲ. ಬಾಗಿಲಿನ ಚಿಲಕ ತಿರುಗಿಸಿದರೆ ಮಣಿಕಟ್ಟಿನೊಳಗೆ ಏನೋ ಕಟಕ್ ಎಂದು ಜಾಗ ಬದಲಿಸುತ್ತಿತ್ತು. ಆ ಕಟಕ್ ಎನ್ನುವುದು ನೋವಿಗಿಂತ ಹೆಚ್ಚು ಹೆದರಿಸುತ್ತಿತ್ತು. ನನ್ನ ದೇಹದೊಳಗೆ ಯಾವುದೋ ಬಾಗಿಲು ತಾನಾಗಿ ತೆರೆದು ಮುಚ್ಚುತ್ತಿದೆ, ಅದರ ಕೀಲಿ ನನ್ನ ಬಳಿ ಇಲ್ಲ ಎನ್ನುವಂಥ ಭಯ ಅದು.

ಶಾಲೆಯಲ್ಲಿ ಒಂದು ಸಾಲು ಬರೆಯುವುದರೊಳಗೆ ಸೀಮೆಸುಣ್ಣ ನೆಲಕ್ಕೆ ಬೀಳುತ್ತಿತ್ತು. ಹುಡುಗಿಯರು ಮೊದಲು ನಕ್ಕರು. ಆಮೇಲೆ ನಗುವುದನ್ನು ನಿಲ್ಲಿಸಿದರು. ಅವರು ನಗುತ್ತಿದ್ದುದೇ ವಾಸಿಯಿತ್ತು.

ಊರಿನಲ್ಲಿ ಎಕ್ಸ್-ರೇ ಯಂತ್ರವಿದ್ದ ಒಂದು ಆಸ್ಪತ್ರೆಗೆ ಹೋದೆವು. ಅದರ ಹೆಸರನ್ನು ಬರೆಯುವುದಿಲ್ಲ. ಹೆಸರು ಬರೆದರೆ ತಪ್ಪು ಅಲ್ಲೊಂದೇ ಕಡೆ ನಡೆಯುತ್ತದೆ ಎಂದು ನಂಬಿ ನೀವು ನಿಶ್ಚಿಂತರಾಗುತ್ತೀರಿ. ಎಕ್ಸ್-ರೇ ತೆಗೆಯುವವರು ಬಳೆಗಳನ್ನು ಮೇಲೆ ಸರಿಸಲು ನೋಡಿದರು. ಊತದಿಂದಾಗಿ ಅವು ಸರಿಯಲಿಲ್ಲ. “ತೆಗೀಬೇಕಿತ್ತು,” ಎಂದು ಗೊಣಗಿ, ಅತ್ತೆಯ ಮುಖ ನೋಡಿ, ಹಾಗೆಯೇ ತೆಗೆದರು. ಡಾಕ್ಟರು ಪ್ಲೇಟನ್ನು ಕಿಟಕಿಯ ಬೆಳಕಿಗೆ ಒಮ್ಮೆ ಹಿಡಿದರು. ಆಮೇಲೆ ಮಹಾದೇವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು:

“ನಥಿಂಗ್ ಅಬ್ನಾರ್ಮಲ್. ನೋ ಫ್ರಾಕ್ಚರ್. ಷಿ ಈಸ್ ಎ ಬಿಟ್ ನರ್ವಸ್.”

ನನಗೆ ಇಂಗ್ಲಿಷ್ ಬರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ಕೈ ನನ್ನದು, ನೋವು ನನ್ನದು, ಆದರೆ ಸುದ್ದಿ ನನ್ನ ಗಂಡನಿಗೆ.

“ಡಾಕ್ಟರೇ, ನಾನು ನರ್ವಸ್ ಅಲ್ಲ. ನನ್ನ ಕೈಯೊಳಗೆ ಏನೋ ಜಾಗ ತಪ್ಪಿದೆ,” ಎಂದೆ.

“ಜಾಗ ತಪ್ಪಿದ್ರೆ ಎಕ್ಸ್-ರೇಲಿ ಕಾಣ್ತಿತ್ತಮ್ಮ. ಎಲುಬು ಕಬ್ಬಿಣದ ಹಾಗಿದೆ. ಮನೆ ಕೆಲಸ ಮಾಡ್ತಾ ಇರಿ, ಸರಿಯಾಗುತ್ತೆ.”

ಅಂದಿನಿಂದ ಮನೆಯಲ್ಲಿ ನನ್ನ ನೋವಿಗೆ ಇದ್ದ ಅಲ್ಪ ಗೌರವವೂ ಹೋಯಿತು. ಯಂತ್ರವೇ ಇಲ್ಲ ಎಂದಿದ್ದನ್ನು ನಾನು ಇದೆ ಎಂದರೆ ನಂಬುವವರು ಯಾರು? “ಸ್ಕೂಲಿಗೆ ಹೋಗೋಕೆ ಕೈ ಇದೆ, ರಾಗಿ ಬೀಸೋಕೆ ಕೈ ಇಲ್ಲ,” ಎಂದರು ಅತ್ತೆ. ಮಹಾದೇವ ಏನೂ ಅನ್ನಲಿಲ್ಲ. ಆ ಮೌನವನ್ನೂ ತಪ್ಪುಗಳ ಜೊತೆಗೇ ಸೇರಿಸುತ್ತೇನೆ. ಅವರು ಇದನ್ನು ಓದುತ್ತಾರೆ, ಒಪ್ಪಿಕೊಳ್ಳುತ್ತಾರೆ ಎಂಬ ನಂಬಿಕೆ ನನಗಿದೆ.

ಒಂದು ದಿನ ರಾಗಿ ಬೀಸಲು ಕೂತೆ. ಕಲ್ಲಿನ ಗೂಟ ಹಿಡಿದು ಅರ್ಧ ಸುತ್ತು ತಿರುಗಿಸಿದ್ದೆ. ಕೈ ಸತ್ತಂತೆ ಬಿತ್ತು. ಕತ್ತಿಯಿಂದ ಇದನ್ನು ಕತ್ತರಿಸಿ ಹಾಕಿದರೆ, ಕೈ ಇಲ್ಲ ಎಂದಾದರೂ ಎಲ್ಲರಿಗೂ ಕಾಣುತ್ತದೆ, ಆಗಲಾದರೂ ನಂಬುತ್ತಾರೆ ಎಂದು ಯೋಚಿಸಿದೆ. ಯೋಚನೆ ಅಷ್ಟಕ್ಕೆ ನಿಲ್ಲಲಿಲ್ಲ. ಎದ್ದು ಹೋಗಿ, ರಾಟೆ ಹಾರಿದ ಆ ಬಾವಿಯ ನೀರನ್ನು ಬಹಳ ಹೊತ್ತು ನೋಡುತ್ತ ನಿಂತೆ. ಇದನ್ನು ಮರೆಮಾಚುವುದಿಲ್ಲ. ಕಾಣದ ನೋವು ಮನುಷ್ಯರನ್ನು ಎಲ್ಲಿಯವರೆಗೆ ತಳ್ಳುತ್ತದೆ ಎಂಬುದು ತಿಳಿದಿರಬೇಕು. ಪಳನಿಯಮ್ಮ ಬಂದು, “ಏನಕ್ಕಾ, ನೀರಲ್ಲಿ ಸಿನಿಮಾ ಓಡ್ತಾ ಇದೆಯಾ?” ಎಂದು ನನ್ನ ಭುಜ ಹಿಡಿದು ತನ್ನ ಮನೆಯೊಳಗೆ ಎಳೆದುಕೊಂಡು ಹೋದಳು. ಕಾಫಿ ಕೊಟ್ಟಳು. ಲೋಟವನ್ನು ತಾನೇ ಹಿಡಿದಿದ್ದಳು.

ದಸರೆ ರಜೆಗೆ ಮುಂಚೆ ಶಾಲೆಯ ಸಮಿತಿಯ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು.

“ಬೋರ್ಡ್ ಮೇಲೆ ಬರೆಯೋಕಾಗದ ಟೀಚರನ್ನ ಇಟ್ಕೊಂಡು ನಾವೇನಮ್ಮ ಮಾಡೋಣ?”

“ನಮ್ಮ ಡ್ರಿಲ್ ಮೇಷ್ಟ್ರು ಕಾಲು ಎಳೆದುಕೊಂಡು ನಡೀತಾರೆ, ಸಾರ್. ಅವರನ್ನ ಇಟ್ಕೊಂಡಿದೀರಲ್ಲ?”

“ಅವರಿಗೆ ಸಂಸಾರ ಇದೆ.”

ನನಗಿರುವುದು ಏನು ಎಂದು ಕೇಳಬೇಕಿತ್ತು. ಹೆಡ್‌ಮಿಸ್ಟ್ರೆಸ್ಸರು ನನ್ನ ಪರವಾಗಿ ಮಾತಾಡಿದರು. ಸಂಕ್ರಾಂತಿಯವರೆಗೆ ಜಾಗ ಹಾಗೆಯೇ ಇರಲಿ, ಅಷ್ಟರೊಳಗೆ ಕೈ ಬಂದರೆ ಬರಲಿ ಎಂದು ಸಮಿತಿಯನ್ನು ಒಪ್ಪಿಸಿದರು.

ಮನೆಗೆ ಬಂದು ಮಹಾದೇವರಿಗೆ ಒಂದೇ ಮಾತು ಹೇಳಿದೆ. “ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ. ಇಲ್ಲ ಅಂದ್ರೆ ನಾನೊಬ್ಬಳೇ ರೈಲು ಹತ್ತುತೀನಿ.”

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. “ಕುಲುಮೆ ಹತ್ರ ನಮಗೆ ಸುಟ್ರೆ ಗುಳ್ಳೆ ಏಳುತ್ತೆ, ಎಲ್ರೂ ನೋಡ್ತಾರೆ,” ಎಂದರು. “ನಿಂದು ಕಾಣಲ್ಲ ಅಂತ ನಾನೂ ಸುಮ್ನಿದ್ದೆ. ನಾಳೆನೇ ಹೋಗೋಣ ಸುಶೀಲಾ.”

ಅತ್ತೆಯೂ ಬಂದರು. ಬಳೆಗೆ ಕಾವಲಾಗಿ ಬಂದರೆಂದೇ ನಾನು ತಿಳಿದಿದ್ದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಲುಬಿನ ಸರ್ಜನ್ ಒಬ್ಬರು ಹೊಸದಾಗಿ ಬಂದಿದ್ದರು. ಅವರು ಕೈಯನ್ನು ಮುಟ್ಟುವ ಮೊದಲು ಏನಾಯಿತೆಂದು ನನ್ನನ್ನೇ ಕೇಳಿದರು. ನನ್ನನ್ನು! ಬಾವಿಯಿಂದ ಹಿಡಿದು ಹೇಳಿದೆ. ಅವರು ಹಳೆಯ ಪ್ಲೇಟನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಬಹಳ ಹೊತ್ತು ನೋಡಿದರು.

“ಇದು ಕೈ ಫೋಟೋ ಅಲ್ಲಮ್ಮ, ಬಳೆ ಫೋಟೋ,” ಎಂದರು.

ನಾನು ಎದ್ದು ಹೋಗಿ ನೋಡಿದೆ. ಮಣಿಕಟ್ಟಿನ ಸಣ್ಣ ಎಲುಬುಗಳು ಇರಬೇಕಾದ ಜಾಗದಲ್ಲಿ ಬಳೆಗಳ ಬಿಳಿಯ ಉಂಗುರಗಳು ಒಂದರ ಮೇಲೊಂದು ಬಿದ್ದಿದ್ದವು. ನಾನು ನರ್ವಸ್ ಎಂಬ ತೀರ್ಪು ಬಂದದ್ದು ಈ ನೆರಳನ್ನು ನೋಡಿ.

“ಬಳೆ ತೆಗೆದು ಇನ್ನೊಂದು ಎಕ್ಸ್-ರೇ ತೆಗೀಬೇಕು. ಎರಡೂ ಕೈಯದು, ಮುಷ್ಟಿ ಬಿಗಿಹಿಡಿದು. ಬಲಗೈಲಿ ಊತ ಇರೋದ್ರಿಂದ ಜಾರಿಸಿ ತೆಗೆಯೋಕಾಗಲ್ಲ. ಒಡೀಬೇಕು.”

ಮಹಾದೇವ ತಾಯಿಯನ್ನು ನೋಡಿದರು.

“ಒಡೀರಿ,” ಎಂದೆ ನಾನು.

ಅತ್ತೆ ನನ್ನ ಮೇಲೆ ಕೂಗಾಡುತ್ತಾರೆ ಎಂದು ಕಾದೆ. ಅವರು ಕೂಗಲಿಲ್ಲ. ಗೋಡೆಯ ಕಡೆ ತಿರುಗಿ, ಎರಡೂ ಕಿವಿಗಳನ್ನು ಸೆರಗಿನಿಂದ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು. ನರ್ಸು ಬಳೆಗಳ ಕೆಳಗೆ ಹತ್ತಿ ತೂರಿಸಿ ಒಂದೊಂದನ್ನೇ ಇಕ್ಕಳದಿಂದ ಒತ್ತಿದರು. ಪ್ರತಿಯೊಂದು ಸದ್ದಿಗೂ ಅತ್ತೆಯ ಬೆನ್ನು ನಡುಗಿತು.

ಎಲ್ಲ ಮುಗಿದ ಮೇಲೆ ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ.

“ನಂದು ಒಡೆದಾಗ ಕಲ್ಲಿನ ಮೇಲೆ ಕೈ ಒತ್ತಿ ಹಿಡಿದಿದ್ರು,” ಎಂದರು ಅವರು, ಗೋಡೆಯ ಕಡೆಗೇ ನೋಡುತ್ತ. “ಮಾದೇವ ಮೊಲೆ ಕುಡಿಯೋ ಕೂಸು. ಆ ಸದ್ದು ನಂಗೆ ಇವತ್ತಿಗೂ ಕೇಳ್ತದೆ. ಬೇರೆ ಯಾರಿಗೂ ಕೇಳಲ್ಲ. ಅವನು ದಿನಾ ಬೆಂಕಿ ಮುಂದೆ ನಿಲ್ಲೋನು. ನಿನ್ನ ಕೈಲಿ ಬಳೆ ಇದ್ರೆ ಅವನು ಸಂಜೆ ಮನೆಗೆ ಬರ್ತಾನೆ ಅಂತ... ಅಷ್ಟೇ ಕಣೇ. ನಿನ್ನ ಕೈ ಮೇಲೆ ನಂಗೇನು ಹಗೆ?”

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಈ ಮಾತನ್ನು ನಾನು ಕೇಳಿರಲಿಲ್ಲ. ಅವರ ಬಳೆಯನ್ನು ಕಲ್ಲಿಗೆ ಒತ್ತಿ ಒಡೆದ ರೂಢಿ, ನನ್ನ ಬಳೆಯನ್ನು ಊದಿದ ಕೈಗೆ ಬಿಗಿದ ರೂಢಿ, ಎರಡೂ ಒಂದೇ. ಒಬ್ಬ ಗಂಡಸಿನ ಆಯುಸ್ಸನ್ನು ಒಬ್ಬ ಹೆಂಗಸಿನ ಮಣಿಕಟ್ಟಿಗೆ ಕಟ್ಟಿಹಾಕಿದ ಆ ರೂಢಿಯ ತಪ್ಪು ಉಳಿದೆಲ್ಲ ತಪ್ಪುಗಳ ತಾಯಿ. ನನ್ನ ಅತ್ತೆ ಅದರ ಕಾವಲುಗಾರರೆಂದು ತಿಳಿದಿದ್ದೆ. ನನಗಿಂತ ಮೊದಲೇ ಅದಕ್ಕೆ ಸಿಕ್ಕವರು ಅವರು.

ಹೊಸ ಪ್ಲೇಟು ಬಂತು. ಡಾಕ್ಟರು ಎಡಗೈಯದನ್ನೂ ಬಲಗೈಯದನ್ನೂ ಅಕ್ಕಪಕ್ಕ ಇಟ್ಟರು.

“ಮಣಿಕಟ್ಟಲ್ಲಿ ಇರೋದು ಒಂದೇ ಎಲುಬಲ್ಲ. ಎಂಟು ಸಣ್ಣ ಎಲುಬು. ಅವನ್ನ ಒಂದಕ್ಕೊಂದು ಕಟ್ಟಿರೋದು ಲಿಗಮೆಂಟ್. ಅದು ಎಕ್ಸ್-ರೇಲಿ ಕಾಣಲ್ಲ. ಹರಿದಿದೆ ಅಂತ ಹೇಳೋದು ಈ ಸಂದು. ನೋಡಿ, ಎಡಗೈಲಿ ಈ ಎರಡು ಎಲುಬು ಅಂಟ್ಕೊಂಡಿವೆ. ಬಲಗೈಲಿ ಬಾಗಿಲು ತೆರೆದ ಹಾಗಿದೆ.”

ಬಾಗಿಲು! ನಾನು ಯಾರಿಗೂ ಹೇಳದೆ ಒಳಗಿಟ್ಟುಕೊಂಡಿದ್ದ ಮಾತನ್ನು ಅವರು ಆಡಿಬಿಟ್ಟರು. ನನಗೆ ಅಳು ಬಂತು. ನೋವಿಗಲ್ಲ. ಅದು ಇತ್ತು ಎಂಬುದಕ್ಕೆ.

“ಸರಿ ಹೋಗುತ್ತಾ, ಡಾಕ್ಟರೇ?”

“ಬಾವಿ ಹತ್ರ ಅರ್ಧ ಹರಿದಿತ್ತು ಅಂತ ಕಾಣುತ್ತೆ. ಆಗ್ಲೇ ಉದ್ದದ ಪ್ಲಾಸ್ಟರ್ ಹಾಕಿದ್ದಿದ್ರೆ ಕೂಡ್ಕೋತಿತ್ತೇನೋ. ಆಮೇಲೆ ಪೂರ್ತಿ ಹರೀತು. ಈಗ ತುದಿಗಳು ಒಣಗಿ ಹಿಂದೆ ಸರಿದಿವೆ. ಎಲುಬುಗಳ ಮೇಲೆ ನುಣುಪಾಗಿ ಕಾರ್ಟಿಲೇಜ್ ಅಂತ ಒಂದು ಪದರ ಇರುತ್ತೆ. ಎಲುಬು ಜಾಗ ತಪ್ಪಿ ಉಜ್ಜಿದ್ರೆ ಅದು ಸವೆಯುತ್ತೆ. ಪ್ಲಾಸ್ಟರ್ ಹಾಕಿ ನೋವು ಕಮ್ಮಿ ಮಾಡಬಹುದು. ಮೊದಲಿನ ಕೈ ಮಾತ್ರ...”

ಮೊದಲಿನ ಕೈ ಬರುವುದಿಲ್ಲ.

ಅಚ್ಚು ಸವೆದ ರಾಟೆ ನನ್ನ ಕಣ್ಣ ಮುಂದೆ ಬಂತು. ಅದನ್ನು ಬಾವಿಯ ಮೇಲಿನಿಂದ ಕಿತ್ತು ನನ್ನ ಕೈಯೊಳಗೆ ಕೂರಿಸಿದ್ದರು.

ಮುಂದೆ ತೀರಾ ಸವೆದರೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಎಲುಬುಗಳನ್ನು ಒಂದಕ್ಕೊಂದು ಬೆಸೆಯಬಹುದಂತೆ. ಆಗ ನೋವು ಹೋಗುತ್ತದೆ, ಮಣಿಕಟ್ಟು ಬಾಗುವುದೂ ಹೋಗುತ್ತದೆ. ಆ ಮಾತನ್ನು ನಾವು ಇನ್ನೂ ಮನೆಯ ಮೂಲೆಯಲ್ಲಿ ಹಾಗೆಯೇ ಇಟ್ಟಿದ್ದೇವೆ.

ಹೆಬ್ಬೆರಳಿನಿಂದ ಮೊಣಕೈಯವರೆಗೆ ಪ್ಲಾಸ್ಟರ್ ಹಾಕಿದರು. ದೀಪಾವಳಿ ಅದರೊಳಗೇ ಕಳೆಯಿತು. ಅಡುಗೆಯನ್ನು ಅತ್ತೆ ಮಾಡಿದರು, ಬಟ್ಟೆಯನ್ನು ಮಹಾದೇವ ಒಗೆದರು. ಅವರು ನನ್ನ ಜಡೆಯನ್ನೂ ಹೆಣೆದರು. ಕುಲುಮೆಯ ಇಕ್ಕಳ ಹಿಡಿಯುವ ಕೈಯಲ್ಲಿ ಜಡೆ ಬಂದ ರೀತಿಯನ್ನು ನೋಡಿ ಪಳನಿಯಮ್ಮ, “ಏನಕ್ಕಾ, ಜಡೇನಾ ಇದು, ಬಾವಿ ಹಗ್ಗಾನಾ?” ಎಂದಳು. ಆ ದಿನಗಳಲ್ಲಿ ನಾನು ನಕ್ಕ ನೆನಪು ಅದೊಂದೇ.

ಯಾಕೆಂದರೆ ಉಳಿದವರು ಬಾಗಿಲು ಹಾಕಿಕೊಂಡರು. ಅರಿಶಿನ ಕುಂಕುಮಕ್ಕೆ ಕರೆಯುವವರು ನಮ್ಮ ಮನೆಯ ಮುಂದೆ ಹಾದು ಪಕ್ಕದ ಮನೆಗೆ ಹೋದರು. ಗಂಡ ಬದುಕಿದ್ದಾನೆ, ಎಡಗೈ ತುಂಬ ಬಳೆಯಿದೆ, ಆದರೂ ಬಲಗೈಯ ಬಿಳಿ ಪ್ಲಾಸ್ಟರ್ ಅವರಿಗೆ ಅಪಶಕುನ. ವಿಧವೆಯರಿಗೆ ನಾವು ಜೀವಮಾನವಿಡೀ ಮಾಡುವುದನ್ನು ನನಗೆ ಕೆಲವು ತಿಂಗಳು ಮಾಡಿದರು. ಹಣೆಯಲ್ಲಿ ಕುಂಕುಮವಿಲ್ಲದೆ ಒಳಕೋಣೆಯಲ್ಲಿ ಕೂತು, ಹೊರಗಿನ ಹೆಂಗಸರ ನಗೆಯನ್ನು ಕೇಳುತ್ತ ಅತ್ತೆ ಎಷ್ಟು ಹಬ್ಬಗಳನ್ನು ಕಳೆದರು ಎಂಬುದು ಆಗ ನನಗೆ ಅರ್ಥವಾಗತೊಡಗಿತು. ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಅವರೆಕಾಳು ಸುಲಿದೆವು. ಮೂರು ಕೈಯಲ್ಲಿ.

ಸಂಕ್ರಾಂತಿಗೆ ಮೊದಲು ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಬಂದದ್ದು ಯಾರದೋ ಕೈ. ತೆಳ್ಳಗೆ, ಬಿಳಿಚಿ, ಸೆಟೆದುಕೊಂಡು, ಮಣಿಕಟ್ಟು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ. ಆದರೆ ಆ ಕಟಕ್ ಸದ್ದು ಕಡಿಮೆಯಾಗಿತ್ತು. ಡಾಕ್ಟರ ಸಲಹೆಯಂತೆ ಚಮ್ಮಾರರಿಂದ ಒಂದು ಅಗಲವಾದ ಚರ್ಮದ ಪಟ್ಟಿ ಹೊಲಿಸಿದೆವು. ಅದನ್ನು ಬಿಗಿದುಕೊಂಡರೆ ಕೈ ನಿಲ್ಲುತ್ತದೆ.

ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು ನೋಡಿದೆ. ಸಣ್ಣ ಅಕ್ಷರ ಬರುವುದಿಲ್ಲ. ಸಣ್ಣ ಅಕ್ಷರಕ್ಕೆ ಮಣಿಕಟ್ಟು ಬಾಗಬೇಕು. ಏಳನೆಯ ತರಗತಿಯ ವ್ಯಾಕರಣದ ಸಾ‌ಲುಗಳನ್ನು ಬರೆಯುವುದು ಇನ್ನು ಸಾಧ್ಯವಿರಲಿಲ್ಲ. ಗೋಡೆಗೆ ಹಣೆ ಕೊಟ್ಟು ನಿಂತೆ. ಆಮೇಲೆ ಸಿಟ್ಟಿನಿಂದ ಭುಜವನ್ನೇ ಬೀಸಿ ಒಂದು ‘ಅ’ ಬರೆದೆ. ನನ್ನ ಮುಖದಷ್ಟು ದೊಡ್ಡ ‘ಅ’. ನೋವಾಗಲಿಲ್ಲ.

ಹೆಡ್‌ಮಿಸ್ಟ್ರೆಸ್ಸರ ಬಳಿ ಹೋಗಿ ಒಂದನೆಯ ತರಗತಿ ಕೊಡಿ ಎಂದು ಕೇಳಿದೆ. ದೊಡ್ಡ ಅಕ್ಷರಗಳ ತರಗತಿ. ನಮ್ಮ ಶಾಲೆಯಲ್ಲಿ ಅದನ್ನು ಯಾರೂ ಬಯಸಿ ತೆಗೆದುಕೊಳ್ಳುವುದಿಲ್ಲ, ಮೇಲಿನಿಂದ ಕೆಳಗಿಳಿದಂತೆ ಎಂದು ತಿಳಿಯುತ್ತಾರೆ. ಸಮಿತಿಯವರು ಕೆಲಸ ಖಾಯಂ ಮಾಡುವ ಮಾತನ್ನು ಮುಂದಕ್ಕೆ ಹಾಕಿದ್ದಾರೆ. ಕೆಲಸವನ್ನು ಮಾತ್ರ ತೆಗೆದುಹಾಕಿಲ್ಲ. ಇಷ್ಟಕ್ಕೆ ಕೃತಜ್ಞಳಾಗಿರಬೇಕೇ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಹೊಸಿಲನ್ನು ದಾಟುತ್ತಿದ್ದೇನೆ. ಸದ್ಯಕ್ಕೆ ಅಷ್ಟು ಸಾಕು ಎನ್ನುತ್ತೇನೆ, ನ್ಯಾಯ ಸಿಕ್ಕಿತು ಎನ್ನುವುದಿಲ್ಲ.

ವಠಾರದ ಹೆಂಗಸರೆಲ್ಲ ಮಾಲೀಕರ ಮನೆಯ ಮುಂದೆ ಖಾಲಿ ಕೊಡ ಇಟ್ಟುಕೊಂಡು ಕೂತ ಮೇಲೆ ಬಾವಿಗೆ ಕಬ್ಬಿಣದ ರಾಟೆ ಬಂದಿದೆ. ಕೊಡಗಳನ್ನು ಸಾಲಾಗಿ ಇಟ್ಟವಳು ಪಳನಿಯಮ್ಮ.

ಮೊನ್ನೆ ಬೀಬಮ್ಮ ಬಂದಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿ ಮಲಾರ ಬಿಚ್ಚಿದಳು. ಅತ್ತೆ ಜಗಲಿಗೆ ಬಂದು ನಿಂತರು.

“ಅವಳ ಎಡಗೈಗೆ ಹಾಕು ಬೀಬಮ್ಮ. ಸ್ವಲ್ಪ ದೊಡ್ಡದೇ ಹಾಕು. ಬಲಗೈ ತಂಟೆಗೆ ಹೋಗಬೇಡ.”

“ಜನ ಏನಂತಾರೋ ಅಮ್ಮಾ?”

“ಏನಾದ್ರೂ ಅನ್ಲಿ. ಕೇಳಿ ಕೇಳಿ ನನ್ ಕಿವಿ ಗಟ್ಟಿಯಾಗಿದೆ.”

ಬಲಗೈಗೆ ಪಟ್ಟಿ ಕಟ್ಟಿಕೊಳ್ಳಲು ನನ್ನ ಎಡಗೈ ಒಂದಕ್ಕೇ ಆಗುವುದಿಲ್ಲ. ದಿನವೂ ಶಾಲೆಗೆ ಹೊರಡುವ ಮುಂಚೆ ಅತ್ತೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಚರ್ಮದ ಪಟ್ಟಿಯ ಕೊಕ್ಕೆ ಹಾಕುತ್ತಾರೆ. ಕಣ್ಣು ಮಂಜಾಗಿರುವುದರಿಂದ ತೂತನ್ನು ಬೆರಳಿನಿಂದ ಹುಡುಕುತ್ತಾರೆ.

“ಬಿಗಿಯಾಯ್ತೇನೇ?”

“ಒಂದು ತೂತು ಸಡಿಲ ಮಾಡಿ, ಅತ್ತೆ.”

ಅವರು ಸಡಿಲ ಮಾಡುತ್ತಾರೆ.